ಎರಡು ಸ್ಪಿನ್‌ಕಾಸ್ಟ್ ರೀಲುಗಳನ್ನು ಹೋಲಿಸಿ ನೋಡುವುದು ಹೇಗೆ: ನಮ್ಮ ಕೆರೆ, ಹೊಳೆಗಳಲ್ಲಿ ಗಾಳ ಹಾಕುವವರಿಗೊಂದು ಮಾರ್ಗದರ್ಶಿ

ಹುಬ್ಬಳ್ಳಿ, ರಾಣೆಬೆನ್ನೂರು, ಮುಂಡರಗಿ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ನೋಡಲು ಹೆಚ್ಚುಕಡಿಮೆ ಒಂದೇ ತೆರನಾಗಿರುವ ಎರಡು ಸ್ಪಿನ್‌ಕಾಸ್ಟ್ ರೀಲುಗಳ ಬೆಲೆಯಲ್ಲಿ ದೊಡ್ಡ ಅಂತರವಿರುವಾಗ ಯಾವುದನ್ನು ಕೊಳ್ಳಬೇಕು? ಡಬ್ಬಿಯ ಮೇಲೆ ಮುದ್ರಿಸಿದ ಅಂಕಿಗಳನ್ನಷ್ಟೇ ಓದಿ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಆದರೆ ಮನೆಯಲ್ಲಿ ಒಂದು ಸಂಜೆ, ಬಯಲಿನಲ್ಲಿ ಒಂದು ಬೆಳಗಿನ ಹೊತ್ತು ಕೊಟ್ಟರೆ ಯಾರು ಬೇಕಾದರೂ ಸ್ವತಃ ಪರೀಕ್ಷಿಸಿ ತೀರ್ಮಾನಕ್ಕೆ ಬರಬಹುದು. ಮೊದಲೇ ಹೇಳಬೇಕಾದ ಮಾತು ಇಷ್ಟು: ಗೆಳೆಯರ ನಡುವೆ ನಡೆಯುವ ಬಹುಪಾಲು ಹೋಲಿಕೆಗಳಲ್ಲಿ ನಿಜವಾಗಿ ಹೋಲಿಕೆಯಾಗುವುದು ರೀಲುಗಳಲ್ಲ, ಅವುಗಳಲ್ಲಿ ಸುತ್ತಿದ ದಾರಗಳು. ದಾರ, ಕೋಲು, ಎಸೆಯುವ ತೂಕ ಇವೆಲ್ಲ ಎರಡಕ್ಕೂ ಒಂದೇ ಆದ ಮೇಲೆ ಉಳಿಯುವ ವ್ಯತ್ಯಾಸ ಮಾತ್ರ ರೀಲಿನದು.

ಸ್ಪಿನ್‌ಕಾಸ್ಟ್ ಎಂದರೆ ಮುಂಭಾಗವನ್ನು ಮುಚ್ಚಳದಿಂದ ಮುಚ್ಚಿದ, ಹೆಬ್ಬೆರಳಿನಿಂದ ಗುಂಡಿ ಒತ್ತಿ ದಾರ ಬಿಡುವ ರೀಲು. ಅಮೆರಿಕದ ಆರ್. ಡಿ. ಹಲ್ ಅವರ ವಿನ್ಯಾಸದಂತೆ 1949ರಲ್ಲಿ ಝೆಬ್ಕೊ ಹೆಸರಿನ ಮೊದಲ ರೀಲು ಬಂದಿತು. ಇಂದಿಗೂ ಮಾರಾಟದಲ್ಲಿರುವ ಝೆಬ್ಕೊ 33 ಮಾದರಿ 1954ರದು. ಇದರ ಒಳರಚನೆಯನ್ನು ತಿಳಿದುಕೊಂಡರೆ ಮುಂದಿನ ಹಂತಗಳು ಸುಲಭವಾಗುತ್ತವೆ. ಒಳಗೆ ದಾರ ಸುತ್ತಿದ ಉರುಳೆ, ಅಂದರೆ ಸ್ಪೂಲ್, ನಿಂತಲ್ಲೇ ನಿಂತಿರುತ್ತದೆ. ಅದರ ಮುಂದೆ ಬಟ್ಟಲಿನಾಕಾರದ ತಿರುಗುವ ಭಾಗವಿದ್ದು, ಅದರ ಅಂಚಿನಿಂದ ಪಿಕ್‌ಅಪ್ ಪಿನ್ ಎಂಬ ಚಿಕ್ಕ ಮೊಳೆ ಹೊರಚಾಚಿ ದಾರವನ್ನು ಹಿಡಿದು ಉರುಳೆಗೆ ಸುತ್ತುತ್ತದೆ. ಗುಂಡಿ ಒತ್ತಿದಾಗ ಬಟ್ಟಲು ಮುಂದೆ ಸರಿದು, ಪಿನ್ ಒಳಗೆ ಹೋಗಿ, ದಾರವು ಬಟ್ಟಲಿಗೂ ಮುಚ್ಚಳಕ್ಕೂ ನಡುವೆ ಅದುಮಿ ನಿಲ್ಲುತ್ತದೆ. ಗುಂಡಿ ಬಿಟ್ಟ ಕ್ಷಣ ದಾರ ಸ್ವತಂತ್ರವಾಗಿ ಮುಚ್ಚಳದ ತೂತಿನಿಂದ ಹೊರಗೆ ಹರಿಯುತ್ತದೆ. ಆಮೇಲೆ ಹಿಡಿಕೆ ತಿರುಗಿಸಿದಾಗ ಪಿನ್ ಮತ್ತೆ ಹೊರಬರುತ್ತದೆ. ರೀಲಿನ ಗುಣದೋಷಗಳೆಲ್ಲ ಈ ಕೆಲವೇ ಕೆಲಸಗಳಲ್ಲಿ ಅಡಗಿರುತ್ತವೆ.

ಪರೀಕ್ಷೆಗೆ ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಆರು ಅಡಿಯ ಆಸುಪಾಸಿನ ಮಧ್ಯಮ ಬಿಗುವಿನ ಒಂದೇ ಕೋಲು, 8 ಪೌಂಡ್ ತಾಳಿಕೆಯ ಒಂದೇ ಉಂಡೆ ಟಂಗೂಸಿ ದಾರ, 10 ಗ್ರಾಂ ತೂಕದ ಸೀಸದ ಗುಂಡು, ಪ್ರಯಾಣದ ಚೀಲ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ, ಉದ್ದದ ಅಳತೆ ಟೇಪು, ಸ್ವಲ್ಪ ಹತ್ತಿ, ಒಂದು ನೋಟ್‌ಬುಕ್ಕು ಇದ್ದರೆ ಸಾಕು. ಜೊತೆಗೆ ಒಬ್ಬ ಗೆಳೆಯ ಬೇಕು.

ಹಂತ 1: ಸರಿಸಮಾನವಾದವನ್ನೇ ಎದುರುಬದುರು ಇಡಿ

ಕೋಲಿನ ಮೇಲ್ಭಾಗದಲ್ಲಿ ಕೂಡ್ರುವ ಗುಂಡಿಯ ರೀಲನ್ನು, ಕೋಲಿನ ಕೆಳಗೆ ತೂಗಿ ತೋರುಬೆರಳಿನ ಕುದುರೆಯಿಂದ ಕೆಲಸ ಮಾಡುವ ಅಂಡರ್‌ಸ್ಪಿನ್ ರೀಲಿನೊಡನೆ ಹೋಲಿಸಿದರೆ ಕೈಯ ಅಭ್ಯಾಸವೇ ತೀರ್ಪು ಕೊಟ್ಟುಬಿಡುತ್ತದೆ. ಅದೇ ರೀತಿ 4 ಪೌಂಡ್ ದಾರಕ್ಕೆಂದು ಮಾಡಿದ ಪುಟ್ಟ ರೀಲನ್ನು 10 ಪೌಂಡ್ ದಾರದ ರೀಲಿನ ಪಕ್ಕ ಇಡುವುದರಲ್ಲಿ ಅರ್ಥವಿಲ್ಲ. ಒಂದೇ ಜಾತಿಯ, ಒಂದೇ ಗಾತ್ರದ ರೀಲುಗಳನ್ನು ಆರಿಸಿಕೊಳ್ಳಿ.

ಹಂತ 2: ದಾರ ಬದಲಿಸುವ ಮೊದಲು ಕೈಯಲ್ಲಿ ಹಿಡಿದು ನೋಡಿ

ಆನ್‌ಲೈನ್‌ನಲ್ಲಿ ತರಿಸಿದ ರೀಲಿನಲ್ಲಿ ಕಾರ್ಖಾನೆಯ ದಾರವನ್ನು ತೆಗೆದುಹಾಕಿದ ಮೇಲೆ ಅದನ್ನು ಮರಳಿಸಲು ಹೋದರೆ ಮಾರಾಟಗಾರರು ಒಪ್ಪದೆ ಇರಬಹುದು. ಆದ್ದರಿಂದ ದಾರ ಮುಟ್ಟದೆ ಮಾಡಬಹುದಾದ ಪರೀಕ್ಷೆಗಳನ್ನು ಮೊದಲು ಮುಗಿಸಿರಿ. ಟಿವಿ, ಫ್ಯಾನು ಆರಿಸಿ, ರೀಲನ್ನು ಕಿವಿಯ ಹತ್ತಿರ ಹಿಡಿದು ಹಿಡಿಕೆಯನ್ನು ನಿಧಾನವಾಗಿ ತಿರುಗಿಸಿ. ಒಂದೇ ಸಮನಾದ ಸದ್ದು ಬಂದರೆ ಚಿಂತೆಯಿಲ್ಲ. ಪ್ರತಿ ಸುತ್ತಿನಲ್ಲಿಯೂ ಒಂದೇ ಜಾಗದಲ್ಲಿ ಗರಕ್ ಎಂದು ತಡೆದಂತಾದರೆ ಗೇರಿನ ಹಲ್ಲು ಸರಿಯಾಗಿ ಕೂಡಿಲ್ಲವೆಂದು ತಿಳಿಯಬೇಕು.

ಮುಂದೆ ಹಿಡಿಕೆಯನ್ನು ಹಿಂದಕ್ಕೆ ತಳ್ಳಿ ನೋಡಿ. ಹಿಡಿಕೆ ಹಿಂದಕ್ಕೆ ತಿರುಗದಂತೆ ತಡೆಯುವ ವ್ಯವಸ್ಥೆಗೆ ಆಂಟಿ-ರಿವರ್ಸ್ ಎನ್ನುತ್ತಾರೆ. ಕೆಲವು ರೀಲುಗಳಲ್ಲಿ ಅದು ತಕ್ಷಣ ಹಿಡಿದರೆ, ಇನ್ನು ಕೆಲವುಗಳಲ್ಲಿ ಕಾಲು ಸುತ್ತಿನಷ್ಟು ಸಡಿಲವಾಗಿ ಹಿಂದೆ ಬಂದು ಆಮೇಲೆ ಟಕ್ಕನೆ ನಿಲ್ಲುತ್ತದೆ. ಮೀನು ಮೇವು ಕಚ್ಚಿದಾಗ ಕೋಲನ್ನು ಜಗ್ಗುವ ಹೊತ್ತಿಗೆ ಈ ಸಡಿಲು ಕೈಗೆ ಸ್ಪಷ್ಟವಾಗಿ ತಿಳಿಯುತ್ತದೆ. ನನ್ನ ಮಟ್ಟಿಗೆ ರೀಲಿನ ಅನುಭವವನ್ನು ಕೆಡಿಸುವ ಸಂಗತಿಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ಅನಂತರ ಗುಂಡಿ ಒತ್ತಿ ಬಿಟ್ಟು ಹಿಡಿಕೆ ತಿರುಗಿಸಿ, ಪಿನ್ ಹೊರಬಂದು ದಾರ ಹಿಡಿಯಲು ಎಷ್ಟು ಸುತ್ತು ಬೇಕಾಗುತ್ತದೆ ಎಂಬುದನ್ನು ಹಲವು ಬಾರಿ ಗಮನಿಸಿ ಬರೆದಿಡಿ. ಒಂದೇ ಪಿನ್ ಇರುವ ರೀಲಿನಲ್ಲಿ ಕೆಲವೊಮ್ಮೆ ದಾರ ತಪ್ಪಿಸಿಕೊಂಡು, ಇನ್ನೊಂದು ಸುತ್ತಿನ ಮೇಲೆ ಸಿಗುತ್ತದೆ. ಎರಡು ಪಿನ್ ಇದ್ದರೆ ಬೇಗ ಸಿಗುತ್ತದೆ. ಕೊನೆಗೆ ಮುಂದಿನ ಮುಚ್ಚಳವನ್ನು ತಿರುಗಿಸಿ ತೆಗೆದು, ದಾರ ಹೊರಬರುವ ತೂತಿನ ಒಳ ಅಂಚಿನ ಸುತ್ತ ಹತ್ತಿಯನ್ನು ಉಜ್ಜಿ. ಹತ್ತಿಯ ಎಳೆ ಎಲ್ಲಿಯಾದರೂ ಸಿಕ್ಕಿಕೊಂಡರೆ ಅಲ್ಲಿ ಒರಟು ಅಂಚಿದೆ ಎಂದರ್ಥ; ಅದು ದಿನ ಕಳೆದಂತೆ ದಾರವನ್ನು ತಿನ್ನುತ್ತದೆ. ಅಂಥ ರೀಲನ್ನು ಹಿಂದೆ ಮುಂದೆ ನೋಡದೆ ಮರಳಿಸಿ.

ಬೇರಿಂಗುಗಳ ಸಂಖ್ಯೆಯ ಬಗ್ಗೆ ಒಂದು ಮಾತು. ಇವು ತಿರುಗುವ ಅಚ್ಚಿಗೆ ಆಧಾರವಾಗಿರುವ ಗುಂಡುಗಳ ಬಳೆಗಳು. ಹೆಚ್ಚು ಬೇರಿಂಗ್ ಇದ್ದಷ್ಟೂ ರೀಲು ನಯವೆಂದು ಜಾಹೀರಾತು ಹೇಳುತ್ತದೆ, ಆದರೆ ಗೇರು ಒರಟಾಗಿದ್ದರೆ ಬೇರಿಂಗು ಅದನ್ನು ಮುಚ್ಚಿಡಲಾರದು. ಸಂಖ್ಯೆಗಿಂತ ನಿಮ್ಮ ಕೈಯ ಮಾತನ್ನು ಹೆಚ್ಚು ನಂಬಿರಿ.

ಹಂತ 3: ಎರಡಕ್ಕೂ ಒಂದೇ ದಾರ, ಒಂದೇ ಮಟ್ಟಕ್ಕೆ

ರೀಲಿನೊಡನೆ ಬರುವ ದಾರ ಬಹುಕಾಲ ಉರುಳೆಯ ಮೇಲೆಯೇ ಕುಳಿತು ಗಟ್ಟಿ ಸುರುಳಿಗಳಾಗಿರುತ್ತದೆ. ಹೊರಗೆ ಹರಿಯುವಾಗ ಈ ಸುರುಳಿಗಳು ಮುಚ್ಚಳದ ಒಳಮೈಗೆ ಬಡಿದು ಎಸೆತದ ದೂರವನ್ನು ಕಡಿಮೆ ಮಾಡುತ್ತವೆ. ಒಳ್ಳೆಯ ರೀಲನ್ನು ಕೆಟ್ಟದೆಂದು ಬದಿಗಿಡಲು ಇದಕ್ಕಿಂತ ಸಾಮಾನ್ಯವಾದ ಕಾರಣ ಇನ್ನೊಂದಿಲ್ಲ. ಆದ್ದರಿಂದ ಎರಡೂ ರೀಲುಗಳ ಹಳೆಯ ದಾರ ತೆಗೆದು, ಒಂದೇ ಉಂಡೆಯ ಹೊಸ ದಾರವನ್ನು ಸುತ್ತಿರಿ.

ಇಲ್ಲಿ ಹೊಸಬರು ಮಾಡುವ ತಪ್ಪು ಎಂದರೆ ದಾರವನ್ನು ಮೊದಲು ಮುಚ್ಚಳದ ತೂತಿನೊಳಗೆ ಪೋಣಿಸದೆ ನೇರವಾಗಿ ಉರುಳೆಗೆ ಗಂಟು ಹಾಕಿಬಿಡುವುದು. ಹಾಗೆ ಮಾಡಿದರೆ ಎಲ್ಲವನ್ನೂ ಬಿಚ್ಚಿ ಮತ್ತೆ ಮಾಡಬೇಕಾಗುತ್ತದೆ. ಮೊದಲು ಕೋಲಿನ ಬಳೆಗಳು, ಆಮೇಲೆ ಮುಚ್ಚಳದ ತೂತು, ಆಮೇಲೆ ಉರುಳೆಗೆ ಗಂಟು, ಕೊನೆಗೆ ಮುಚ್ಚಳ ಹಾಕುವುದು, ಇದೇ ಸರಿಯಾದ ಕ್ರಮ. ಸುತ್ತುವಾಗ ಗೆಳೆಯನು ಒದ್ದೆ ಬಟ್ಟೆಯ ನಡುವೆ ದಾರ ಹಿಡಿದು ಹದವಾದ ಬಿಗಿ ಕೊಡಲಿ. ಹತ್ತು ಹದಿನೈದು ಸುತ್ತಿನ ಮೇಲೆ ದಾರವನ್ನು ಸಡಿಲಬಿಟ್ಟು ನೋಡಿ. ಅದು ತನ್ನಷ್ಟಕ್ಕೆ ಹೊಸೆದುಕೊಂಡರೆ ಉಂಡೆಯನ್ನು ಮಗುಚಿ ಹಾಕಿ ಮುಂದುವರಿಸಿ. ಉರುಳೆಯ ಅಂಚಿಗೆ ಸುಮಾರು 3 ಮಿಲಿಮೀಟರ್ ಉಳಿದಾಗ ನಿಲ್ಲಿಸಿ. ತುಂಬಿ ತುಳುಕುವಂತೆ ಸುತ್ತಿದರೆ ದಾರದ ಕುಣಿಕೆಗಳು ಬಟ್ಟಲಿನ ಹಿಂದಕ್ಕೆ ಜಾರಿ ಅಚ್ಚಿಗೆ ಸುತ್ತಿಕೊಳ್ಳುತ್ತವೆ. ತೀರ ಕಡಿಮೆ ಸುತ್ತಿದರೆ ದಾರ ಅಂಚಿಗೆ ಉಜ್ಜಿ ಎಸೆತ ಕುಗ್ಗುತ್ತದೆ.

ನೂಲಿನಂತೆ ಹೆಣೆದ ಬ್ರೇಡ್ ದಾರವನ್ನು ಈ ಪರೀಕ್ಷೆಗೆ ಬಳಸಬೇಡಿ. ಅದು ಉರುಳೆಯ ಮೇಲೆ ಜಾರುವುದಲ್ಲದೆ, ಮೃದು ಲೋಹದ ಪಿನ್‌ಗಳಲ್ಲಿ ಗೀರು ಕೊರೆಯಬಲ್ಲದು.

ಹಂತ 4: ಒಂದು ಸುತ್ತಿಗೆ ಎಷ್ಟು ದಾರ ಎಂದು ಅಳೆಯಿರಿ

ಗೇರ್ ಅನುಪಾತವೆಂದರೆ ಹಿಡಿಕೆ ಒಂದು ಸುತ್ತು ಬಂದಾಗ ಬಟ್ಟಲು ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ. ಝೆಬ್ಕೊ ಬುಲೆಟ್ ಎಂಬ ವೇಗದ ಮಾದರಿಯಲ್ಲಿ ಇದು 5.1:1 ಇದ್ದರೆ, ಹಲವು ಸಾಮಾನ್ಯ ಸ್ಪಿನ್‌ಕಾಸ್ಟ್ ರೀಲುಗಳಲ್ಲಿ 3ರಿಂದ 4ರ ಆಸುಪಾಸಿನಲ್ಲಿರುತ್ತದೆ. ಆದರೆ ಅನುಪಾತವೊಂದೇ ವೇಗವನ್ನು ಹೇಳುವುದಿಲ್ಲ. ಬಟ್ಟಲು 4 ಸುತ್ತು ತಿರುಗುವ ರೀಲಿನಲ್ಲಿ ದಾರ ಸುತ್ತಿದ ಉರುಳೆಯ ವ್ಯಾಸ 45 ಮಿಲಿಮೀಟರ್ ಇದ್ದರೆ ಹಿಡಿಕೆಯ ಒಂದು ಸುತ್ತಿಗೆ ಸುಮಾರು 56 ಸೆಂಟಿಮೀಟರ್ ದಾರ ಬರುತ್ತದೆ. ಅದೇ ಅನುಪಾತದಲ್ಲಿ ವ್ಯಾಸ 35 ಮಿಲಿಮೀಟರ್ ಇದ್ದರೆ ಬರುವುದು ಸುಮಾರು 44 ಸೆಂಟಿಮೀಟರ್ ಮಾತ್ರ.

ಲೆಕ್ಕಕ್ಕಿಂತ ಅಳತೆ ನಂಬಿಕೆಗೆ ಅರ್ಹ. ದಾರವನ್ನು ಓಣಿಯುದ್ದಕ್ಕೂ ಎಳೆದು, ಕೋಲಿನ ತುದಿಯಲ್ಲಿ ದಾರಕ್ಕೆ ಶಾಯಿಯ ಗುರುತು ಹಾಕಿ, ಹಿಡಿಕೆಯನ್ನು ಹತ್ತು ಸುತ್ತು ತಿರುಗಿಸಿ, ಒಳಗೆ ಬಂದ ದಾರವನ್ನು ಅಳೆದು ಹತ್ತರಿಂದ ಭಾಗಿಸಿ. ಬಳ್ಳಿ, ಜೊಂಡುಗಳ ನಡುವೆ ಕಪ್ಪೆಯಾಕಾರದ ಕೃತಕ ಮೇವು ಆಡಿಸಿ ಕೊರವ ಮೀನು ಹಿಡಿಯುವವರಿಗೆ ವೇಗ ಬೇಕು, ಏಕೆಂದರೆ ಸಡಿಲವಾದ ದಾರವನ್ನು ಕ್ಷಣದಲ್ಲಿ ಎಳೆದುಕೊಳ್ಳಬೇಕಾಗುತ್ತದೆ. ಬೆಂಡು ಕಟ್ಟಿ ರೋಹು, ಮೃಗಾಲ್‌ಗೆ ಕಾಯುವವರಿಗೆ ವೇಗ ಮುಖ್ಯವಲ್ಲ. ಅಲ್ಲದೆ ಅನುಪಾತ ಹೆಚ್ಚಿದ್ದಷ್ಟೂ ಭಾರ ಬಿದ್ದಾಗ ಹಿಡಿಕೆ ತಿರುಗಿಸುವುದು ಕಷ್ಟ. ಒಂದು ಲೀಟರ್ ನೀರಿನ ಬಾಟಲಿಯನ್ನು ದಾರಕ್ಕೆ ಕಟ್ಟಿ ನೆಲದ ಮೇಲೆ ಎಳೆದುಕೊಂಡರೆ ಎರಡು ರೀಲುಗಳ ವ್ಯತ್ಯಾಸ ಕೈಗೆ ಚೆನ್ನಾಗಿ ಸಿಗುತ್ತದೆ.

ಹಂತ 5: ಡ್ರ್ಯಾಗ್ ಪರೀಕ್ಷೆ

ಸಮಯವಿಲ್ಲದೆ ಒಂದೇ ಒಂದು ಪರೀಕ್ಷೆ ಮಾಡುವವರು ಇದನ್ನೇ ಮಾಡಲಿ. ಮೀನು ಬಲವಾಗಿ ಎಳೆದಾಗ ದಾರ ಕಡಿಯದಂತೆ, ನಿಗದಿ ಮಾಡಿದ ಬಿಗಿಯಲ್ಲಿ ದಾರವನ್ನು ಬಿಟ್ಟುಕೊಡುವ ತಡೆಯೇ ಡ್ರ್ಯಾಗ್. ನಮ್ಮ ಕೆರೆಗಳಲ್ಲಿ ಬಿತ್ತಿ ಬೆಳೆಸುವ ಕಾಟ್ಲಾ 10 ಕಿಲೋ ಮೀರಿಯೂ ಬೆಳೆಯಬಲ್ಲ ಮೀನು, ಸ್ಪಿನ್‌ಕಾಸ್ಟ್ ರೀಲಿನ ದಾರವಾದರೋ ಸಾಮಾನ್ಯವಾಗಿ 8, 10 ಪೌಂಡಿನದು. 8 ಪೌಂಡ್ ಎಂದರೆ ಸುಮಾರು 3.6 ಕಿಲೋ. ಇಂಥ ದಾರದಲ್ಲಿ ದೊಡ್ಡ ಮೀನು ದಡಕ್ಕೆ ಬರುವುದು ಡ್ರ್ಯಾಗ್ ಸರಿಯಾಗಿ ಕೆಲಸ ಮಾಡಿದರೆ ಮಾತ್ರ.

ಡ್ರ್ಯಾಗ್ ಅನ್ನು ದಾರದ ತಾಳಿಕೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಹೊಂದಿಸುವುದು ರೂಢಿ. 8 ಪೌಂಡ್ ದಾರಕ್ಕೆ ಅದು 0.9ರಿಂದ 1.2 ಕಿಲೋ ಆಗುತ್ತದೆ. ದಾರದ ತುದಿಯನ್ನು ತಕ್ಕಡಿಯ ಕೊಕ್ಕೆಗೆ ಕಟ್ಟಿ. ಕೋಲನ್ನು ತಕ್ಕಡಿಯತ್ತ ನೇರವಾಗಿ ಚಾಚಿ ಹಿಡಿದುಕೊಳ್ಳಿ. ಗೆಳೆಯನು ತಕ್ಕಡಿಯನ್ನು ಹಿಡಿದು ನಿಧಾನವಾಗಿ, ಒಂದೇ ವೇಗದಲ್ಲಿ ಹಿಂದೆ ನಡೆಯಲಿ. ಎರಡು ಅಂಕಿಗಳನ್ನು ಬರೆದುಕೊಳ್ಳಬೇಕು: ದಾರ ಜಾರಲು ಶುರುವಾದ ಕ್ಷಣದ ತೂಕ, ಜಾರುತ್ತಿರುವಾಗಿನ ತೂಕ. ಹೀಗೆ ಐದು ಬಾರಿ ಮಾಡಿ.

ಎರಡೂ ಅಂಕಿಗಳ ನಡುವಿನ ಅಂತರವೇ ರೀಲಿನ ಯೋಗ್ಯತೆ. ಜಾರುವಾಗ 0.9 ಕಿಲೋ ತೋರಿಸುವ ರೀಲು ಶುರುವಿನಲ್ಲಿ 1.0 ತೋರಿಸಿದರೆ ಅದು ಉತ್ತಮ, 1.4 ತೋರಿಸಿದರೆ ಮೀನು ಮೊದಲ ಬಾರಿ ಓಡುವಾಗ ದಾರಕ್ಕೆ ನೀವು ಲೆಕ್ಕ ಹಾಕಿದ್ದಕ್ಕಿಂತ ಎಷ್ಟೋ ಹೆಚ್ಚು ಜಗ್ಗು ಬೀಳುತ್ತದೆ, ಗಂಟಿನ ಬಳಿ ದಾರ ಕಡಿಯುವುದೂ ಆಗಲೇ. ಶುರುವಿನ ತೂಕವು ಜಾರುವ ತೂಕಕ್ಕಿಂತ ಐದನೇ ಒಂದು ಭಾಗದಷ್ಟು ಹೆಚ್ಚಿದ್ದರೆ ನಾನು ಒಪ್ಪುತ್ತೇನೆ. ಮೂರನೇ ಒಂದು ಭಾಗ ದಾಟಿದರೆ ದೊಡ್ಡ ಮೀನಿರುವ ನೀರಿಗೆ ಅದನ್ನು ಒಯ್ಯುವುದಿಲ್ಲ. ಜಾರುವಾಗ ಅಂಕಿ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಡ್ರ್ಯಾಗಿನ ವಾಷರುಗಳು ಸಮನಾಗಿ ಒತ್ತುತ್ತಿಲ್ಲವೆಂದು ಗುರುತಿಸಿ.

ಇದೇ ಅಳತೆಯನ್ನು ಕೋಲು ಚೆನ್ನಾಗಿ ಬಾಗುವಂತೆ ಎತ್ತಿ ಹಿಡಿದು ಇನ್ನೊಮ್ಮೆ ಮಾಡಿ. ಕೋಲಿನ ಬಳೆಗಳಿಗೆ ದಾರ ಉಜ್ಜುವುದರಿಂದ ತೂಕ ಹೆಚ್ಚಾಗಿ ಬರುತ್ತದೆ, ನೀರಿನಲ್ಲಿ ಮೀನಿಗೆ ತಾಗುವುದು ಈ ಹೆಚ್ಚಿನ ತೂಕವೇ. ಆಮೇಲೆ ಡ್ರ್ಯಾಗಿನ ಚಕ್ರವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, 0.5 ಕಿಲೋದಿಂದ 1.5 ಕಿಲೋಗೆ ಹೋಗಲು ಎಷ್ಟು ತಿರುವು ಬೇಕೆಂದು ನೋಡಿ. ಅಗ್ಗದ ರೀಲುಗಳಲ್ಲಿ ಕೂದಲೆಳೆಯಷ್ಟು ತಿರುಗಿಸಿದರೆ ತೀರ ಸಡಿಲದಿಂದ ತೀರ ಬಿಗಿಗೆ ಹಾರಿಬಿಡುವುದುಂಟು. ಮೀನು ಎಳೆಯುತ್ತಿರುವಾಗ ಅಂಥದನ್ನು ಹದಕ್ಕೆ ತರಲಾಗದು.

ಒಂದು ಎಚ್ಚರಿಕೆ. ಡ್ರ್ಯಾಗ್ ಜಾರುತ್ತಿರುವಾಗ ಹಿಡಿಕೆ ತಿರುಗಿಸಬಾರದು. ಉರುಳೆ ಜಾರುವ ಬಗೆಯ ರೀಲುಗಳಲ್ಲಿ ದಾರ ಒಳಗೆ ಬಾರದೆ ಬಟ್ಟಲು ಮಾತ್ರ ಸುತ್ತುವುದರಿಂದ, ಅನುಪಾತ 4:1 ಇದ್ದರೆ ಹಿಡಿಕೆಯ ಪ್ರತಿ ಸುತ್ತಿಗೆ ದಾರದಲ್ಲಿ ನಾಲ್ಕು ಹುರಿ ಬೀಳುತ್ತದೆ. ಮುಂದಿನ ಎಸೆತದಲ್ಲಿ ಮುಚ್ಚಳದೊಳಗೆ ದಾರ ಗೋಜಲಾದಾಗ ಜನ ರೀಲನ್ನು ದೂರುತ್ತಾರೆ, ಕಾರಣ ಮಾತ್ರ ಈ ಹುರಿ. ಮೀನು ಓಡುವಾಗ ಓಡಲು ಬಿಡಿ. ನಿಂತ ಮೇಲೆ ಕೋಲನ್ನು ಎತ್ತಿ, ಇಳಿಸುವಾಗ ಸುತ್ತಿಕೊಳ್ಳಿ.

ಹಂತ 6: ಬಯಲಿನಲ್ಲಿ ಎಸೆದು ನೋಡಿ

ಜನರಿಲ್ಲದ ಹೊತ್ತಿನಲ್ಲಿ ಊರ ಶಾಲೆ, ಕಾಲೇಜಿನ ಮೈದಾನವನ್ನು ಕೇಳಿ ಬಳಸಿಕೊಳ್ಳಿ. ಗಾಳ ಕಟ್ಟದೆ ಸೀಸದ ಗುಂಡು ಮಾತ್ರ ಕಟ್ಟಿರಿ. ಗಾಳಿಗಿರಣಿಗಳು ತಿರುಗುವ ಗದಗಿನ ಬಯಲಿನಲ್ಲಿ ಮುಂಗಾರಿನ ಪಶ್ಚಿಮದ ಗಾಳಿ ಎಷ್ಟು ಬಲವಾಗಿ ಬೀಸುತ್ತದೆ ಎಂಬುದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಆ ತಿಂಗಳುಗಳಲ್ಲಿ ದೂರದ ಪರೀಕ್ಷೆ ಮಾಡಿದರೆ ಗಾಳಿಯನ್ನು ಅಳೆದಂತಾಗುತ್ತದೆ. ಚಳಿಗಾಲದ ಬೆಳಗಿನ ನಿಶ್ಚಲ ಹೊತ್ತು ಇದಕ್ಕೆ ತಕ್ಕದ್ದು.

ಒಂದು ರೀಲಿನ ಎಲ್ಲ ಎಸೆತ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಅಷ್ಟರಲ್ಲಿ ತೋಳು ದಣಿದಿರುತ್ತದೆ, ಇಲ್ಲವೆ ಕೈ ಪಳಗಿರುತ್ತದೆ. ಮೂರು ಎಸೆತ ಇದರಲ್ಲಿ, ಮೂರು ಅದರಲ್ಲಿ ಎಂದು ಬದಲಿಸುತ್ತ ಹೋಗಿ, ಪ್ರತಿ ಎಸೆತವನ್ನೂ ಅಳೆದು, ನಡುವಿನ ಅಂಕಿಯನ್ನು ಹಿಡಿಯಿರಿ. ಅತಿ ದೂರದ ಒಂದೇ ಎಸೆತವನ್ನು ಹಿಡಿದು ಮಾತಾಡುವುದರಿಂದ ಏನೂ ತಿಳಿಯುವುದಿಲ್ಲ. ಒಂದೇ ರೀಲಿನ ಎಸೆತಗಳು ತಮ್ಮೊಳಗೇ ಮೂರು ನಾಲ್ಕು ಮೀಟರ್ ಹೆಚ್ಚುಕಡಿಮೆಯಾಗುತ್ತಿದ್ದರೆ, ಎರಡು ರೀಲುಗಳ ನಡುವಿನ ಒಂದು ಮೀಟರ್ ಅಂತರಕ್ಕೆ ಬೆಲೆಯಿಲ್ಲ.

ದೂರಕ್ಕಿಂತಲೂ ನಾನು ಗುರಿಗೆ ಹೆಚ್ಚು ಮಹತ್ವ ಕೊಡುತ್ತೇನೆ. ಹದಿನೈದು ಮೀಟರ್ ದೂರದಲ್ಲಿ ಸೈಕಲ್ಲಿನ ಹಳೆಯ ಟೈರನ್ನು ಮಲಗಿಸಿಟ್ಟು, ಗುಂಡು ಅದರೊಳಗೆ ಬೀಳುವಂತೆ ಎಸೆಯಿರಿ. ಇಲ್ಲಿ ಗುಂಡಿಯ ಗುಣ ಹೊರಬೀಳುತ್ತದೆ. ಗುಂಡಿಯು ಸ್ಪಷ್ಟವಾದ ಒಂದು ಬಿಂದುವಿನಲ್ಲಿ ದಾರ ಬಿಟ್ಟರೆ ಕೈಗೆ ಬೇಗನೆ ರೂಢಿಯಾಗುತ್ತದೆ. ಒಮ್ಮೆ ಬೇಗ, ಒಮ್ಮೆ ತಡವಾಗಿ ಬಿಡುವ ಗುಂಡಿಯಾದರೆ ಗುಂಡು ಒಮ್ಮೆ ಆಕಾಶಕ್ಕೆ ಹಾರಿ, ಇನ್ನೊಮ್ಮೆ ಕಾಲ ಮುಂದೆಯೇ ಬೀಳುತ್ತದೆ. ಹಾರುತ್ತಿರುವ ಗುಂಡನ್ನು ನಿಲ್ಲಿಸಲು ಗುಂಡಿಯನ್ನು ಮತ್ತೆ ಒತ್ತಿದಾಗ ಅದು ಹದವಾಗಿ ನಿಲ್ಲುತ್ತದೆಯೋ, ಜಗ್ಗಿ ಹಿಂದೆ ಚಿಮ್ಮುತ್ತದೆಯೋ ಎಂಬುದನ್ನೂ ಗಮನಿಸಿ.

ಹಂತ 7: ಕೈಯ ಅನುಭವವನ್ನು ಹೆಸರು ನೋಡದೆ ಬರೆಯಿರಿ

ಬೆಲೆ ಗೊತ್ತಿದ್ದರೆ ದುಬಾರಿಯದು ನಯವಾಗಿಯೇ ತೋರುತ್ತದೆ. ಹೆಸರಿನ ಮೇಲೆ ಟೇಪು ಅಂಟಿಸಿ, ಇಂಥ ರೀಲು ಎಂದು ಹೇಳದೆ ಗೆಳೆಯನೇ ಕೈಗೆ ಕೊಡಲಿ. ಸಾಧ್ಯವಿದ್ದರೆ ಕಣ್ಣು ಮುಚ್ಚಿ ತಿರುಗಿಸಿ ನೋಡಿ. ಹಿಡಿಕೆಯ ಗುಬುಟು ಬೆರಳಿಗೆ ಹೊಂದುತ್ತದೆಯೇ, ಗುಂಡಿ ಒತ್ತಿ ಹೆಬ್ಬೆರಳು ನೋಯುತ್ತದೆಯೇ, ಒದ್ದೆ ಕೈಯಲ್ಲಿ ಜಾರುತ್ತದೆಯೇ, ಕೋಲಿಗೆ ಕೂಡಿಸಿದಾಗ ತೂಕ ಹಿಂದಕ್ಕೋ ಮುಂದಕ್ಕೋ ವಾಲುತ್ತದೆಯೇ ಎಂಬುದನ್ನು ಅಲ್ಲಿಯೇ ಬರೆದಿಡಿ. ಮಕ್ಕಳಿಗೆ ಕೊಡುವ ರೀಲಾದರೆ ಈ ಹಂತವನ್ನು ಆ ಮಗುವಿನ ಕೈಯಲ್ಲಿಯೇ ಮಾಡಿಸಬೇಕು, ಏಕೆಂದರೆ ದೊಡ್ಡವರಿಗೆ ಮೆತ್ತಗೆನಿಸುವ ಗುಂಡಿ ಎಳೆಯ ಹೆಬ್ಬೆರಳಿಗೆ ಬಲವಾಗಿರಬಹುದು.

ಹಂತ 8: ನೀರಿಗೆ ಒಯ್ದು, ತಿಂಗಳ ಮೇಲೆ ಮತ್ತೆ ಅಳೆಯಿರಿ

ನೀರಿಗೆ ಹೋಗುವ ಮೊದಲು ಅನುಮತಿ ಕೇಳಿ. ನಮ್ಮ ಭಾಗದ ಅನೇಕ ಕೆರೆಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಮೀನುಗಾರರ ಸಹಕಾರ ಸಂಘಗಳಿಗೆ ಇಲ್ಲವೆ ಗುತ್ತಿಗೆದಾರರಿಗೆ ಕೊಟ್ಟಿರುತ್ತಾರೆ. ಅವರ ಜೀವನ ಅದರ ಮೇಲಿದೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಶಿರಹಟ್ಟಿ ಸೀಮೆಯ ಮಾಗಡಿ ಕೆರೆ ಸಂರಕ್ಷಿತ ಪ್ರದೇಶವಾದ್ದರಿಂದ ಅಲ್ಲಿ ಇಂಥ ಪ್ರಯೋಗ ಬೇಡವೇ ಬೇಡ. ಹಮ್ಮಿಗಿಯ ಬ್ಯಾರೇಜಿನ ಕೆಳಗೆ ತುಂಗಭದ್ರೆಯಲ್ಲಿ ನಿಲ್ಲುವವರು ಗೇಟು ತೆರೆದಾಗ ನೀರು ಒಮ್ಮೆಲೇ ಏರುತ್ತದೆಂಬುದನ್ನು ಮರೆಯಬಾರದು. ಕಡಿದ ಟಂಗೂಸಿ ದಾರದ ಒಂದು ತುಂಡನ್ನೂ ದಂಡೆಯಲ್ಲಿ ಬಿಡಬೇಡಿ. ಹಕ್ಕಿಗಳ ಕಾಲಿಗೆ ಸಿಕ್ಕಿದರೆ ಅದು ಬಿಗಿದು ಕೊಲ್ಲುತ್ತದೆ.

ಹೊಸ ರೀಲುಗಳೆಲ್ಲ ಮೊದಲ ವಾರ ಚೆನ್ನಾಗಿಯೇ ಇರುತ್ತವೆ. ಎರೆಭೂಮಿಯ ಕೆರೆಗಳ ನೀರಿನಲ್ಲಿರುವ ನುಣುಪು ರಾಡಿ ದಾರಕ್ಕೆ ಅಂಟಿ, ಮುಚ್ಚಳದ ತೂತಿನ ಮೂಲಕ ಒಳಗೆ ಸೇರಿ, ಪಿನ್ ಜಾರುವ ಕಂಡಿಯಲ್ಲಿ ಕೂಡ್ರುತ್ತದೆ. ಬಳಸಿ ತಿಂಗಳಾದ ಮೇಲೆ ಪಿನ್ ದಾರ ಹಿಡಿಯುವ ಸುತ್ತಿನ ಲೆಕ್ಕವನ್ನೂ ಡ್ರ್ಯಾಗಿನ ಎರಡು ಅಂಕಿಗಳನ್ನೂ ಮತ್ತೊಮ್ಮೆ ತೆಗೆದು, ಹಳೆಯ ಪುಟದ ಪಕ್ಕದಲ್ಲಿ ಬರೆಯಿರಿ. ದುಬಾರಿ ರೀಲು ತನ್ನ ಬೆಲೆಗೆ ತಕ್ಕುದೋ ಅಲ್ಲವೋ ಎಂಬುದು ಈ ಎರಡನೆಯ ಅಳತೆಯಲ್ಲಿ ತಿಳಿಯುತ್ತದೆ. ಅಂಕಿಗಳು ಹೆಚ್ಚು ಬದಲಾಗದ ರೀಲನ್ನು ಇಟ್ಟುಕೊಳ್ಳಿ, ಮೊದಲ ದಿನ ಅದು ಎರಡನೆಯ ಸ್ಥಾನದಲ್ಲಿದ್ದರೂ ಸರಿ. ತುಂಗಭದ್ರೆಯ ಸೆಳೆತದಲ್ಲಿ ದೊಡ್ಡ ಮೀನನ್ನೇ ಗುರಿಯಾಗಿಟ್ಟುಕೊಂಡವರಿಗೆ ಮಾತ್ರ, ಎಪ್ಪತ್ತು ಎಂಬತ್ತು ಮೀಟರ್ ದಾರ ಹಿಡಿಯುವ ಈ ಜಾತಿಯ ರೀಲಿಗಿಂತ ಮುಚ್ಚಳವಿಲ್ಲದ ಸ್ಪಿನ್ನಿಂಗ್ ರೀಲನ್ನೇ ನಾನು ಹೇಳುತ್ತೇನೆ.

ಪ್ರತಿ ಬಳಕೆಯ ನಂತರ ಮುಚ್ಚಳ ತೆಗೆದು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ನಡುವಿನ ಅಚ್ಚಿಗೆ ಒಂದು ಹನಿ ತೆಳು ಎಣ್ಣೆ ಬಿಡಿ. ತಯಾರಕರು ಹೇಳದ ಹೊರತು ಡ್ರ್ಯಾಗಿನ ವಾಷರುಗಳಿಗೆ ಎಣ್ಣೆ ತಾಗಿಸಬೇಡಿ. ಏಪ್ರಿಲ್, ಮೇ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ರೀಲನ್ನು ಬಿಟ್ಟರೆ ಗೇರಿನ ಗ್ರೀಸ್ ತೆಳುವಾಗಿ ಆ ವಾಷರುಗಳತ್ತ ಹರಿಯಬಹುದು, ಆದ್ದರಿಂದ ಅದನ್ನು ಮನೆಯ ನೆರಳಿನಲ್ಲಿಡಿ. ಇಡುವಾಗ ವಾಷರುಗಳ ಮೇಲಿನ ಒತ್ತಡ ಇಳಿಯುವಂತೆ ಡ್ರ್ಯಾಗ್ ಅನ್ನು ಪೂರ್ತಿ ಸಡಿಲಿಸಿ, ಮುಂದಿನ ಬಾರಿ ಕೆರೆಗೆ ಹೊರಡುವ ಮುನ್ನ ತಕ್ಕಡಿ ಹಿಡಿದು ಮತ್ತೆ ಹೊಂದಿಸಿಕೊಳ್ಳಿ.